ಹಿಂದಿನ ಅಚ್ಚು ಹೇಳುವ ಚರಿತ್ರೆ

ಮೈಸೂರಿನ ಲಕ್ಷ್ಮೀಪುರಂನಂಥ ಹಳೆಯ ಬಡಾವಣೆಯಲ್ಲಿ ಎಲ್ಲಾದರೂ ಮರದ ನೆರಳಿಗೆ ಹಳೆಯ ಜೀಪ್ ಪಿಕಪ್ ನಿಂತಿದ್ದರೆ, ಅದರ ಹಿಂದಿನ ಚಕ್ರದ ನಡುಭಾಗವನ್ನು ಬಗ್ಗಿ ನೋಡಿ. ಎಂಜಿನ್, ಬಾಡಿ, ಬಣ್ಣ ಎಲ್ಲವೂ ಬದಲಾಗಿರಬಹುದು. ಅಚ್ಚೂ ಬೇರೆ ಗಾಡಿಯದಾಗಿರಬಹುದು. ಆದರೆ ತಾನು ಯಾವ ವಂಶದ್ದು ಎಂಬುದನ್ನು ಅದು ಮುಚ್ಚಿಡಲಾರದು.

ಎರಡನೇ ಮಹಾಯುದ್ಧದಲ್ಲಿ, 1941ರಿಂದ 1945ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸುಮಾರು 6.4 ಲಕ್ಷ ಜೀಪುಗಳನ್ನು ಮಾಡಿದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳು ನಮ್ಮಲ್ಲಿ ಸಾರ್ವಜನಿಕರ ಕೈಸೇರಿದವು. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ನಾಗರಿಕ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಗ್ಯಾರೇಜುಗಳಲ್ಲಿ ಇವೆರಡರ ಭಾಗಗಳೂ ಒಂದರಲ್ಲೊಂದು ಬೆರೆತವು.

ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಅದರ ಅಚ್ಚು ತಿರುಗುವುದಿಲ್ಲ. ಭಾರ ಹೊತ್ತು ನಿಂತಿರುತ್ತದೆ, ಚಕ್ರ ಅದರ ಮೇಲೆ ಸುತ್ತುತ್ತದೆ. ಸೇನೆಯ ಜೀಪಿನ ಹಿಂದಿನ ಅಚ್ಚೂ ಹೆಚ್ಚುಕಡಿಮೆ ಹೀಗೆಯೇ. ಹೊರಗಿನ ಕೊಳವೆ ಭಾರ ಹೊರುತ್ತದೆ, ಒಳಗಿನ ಶಾಫ್ಟ್ ಚಕ್ರವನ್ನು ತಿರುಗಿಸುವುದಷ್ಟೇ. ಇದಕ್ಕೆ ಫುಲ್ ಫ್ಲೋಟಿಂಗ್ ಎನ್ನುತ್ತಾರೆ. ಚಕ್ರದ ನಡುವೆ ವೃತ್ತಾಕಾರವಾಗಿ ಆರು ಬೋಲ್ಟುಗಳು ಕಂಡರೆ ಅದೇ ಎಂದು ತಿಳಿಯಿರಿ. ನಂತರದ ನಾಗರಿಕ ಜೀಪುಗಳಲ್ಲಿ ಮುಚ್ಚಳ ತೆಗೆದರೆ ಮಧ್ಯದಲ್ಲಿ ಒಂದೇ ದಪ್ಪ ನಟ್ಟು ಕಾಣುತ್ತದೆ. ಇದು ಸೆಮಿ ಫ್ಲೋಟಿಂಗ್. ಇಲ್ಲಿ ಶಾಫ್ಟೇ ಭಾರವನ್ನೂ ಹೊರಬೇಕು. ಅದು ಮುರಿದರೆ ಚಕ್ರವೇ ಕಳಚಿಹೋಗುವ ಅಪಾಯವುಂಟು.

ಆದರೆ ಬೋಲ್ಟು ನೋಡಿ ತೀರ್ಪು ಕೊಡಬೇಡಿ. ನಾಗರಿಕ ಜೀಪಿನ ಮೊದಲ ಕೆಲವು ಸಾವಿರ ಗಾಡಿಗಳಿಗೂ ಫುಲ್ ಫ್ಲೋಟಿಂಗ್ ಅಚ್ಚೇ ಇತ್ತು. ಹಾಗಾಗಿ ಹಲ್ಲು ಎಣಿಸಬೇಕು. ಸೇನೆಯ ಜೀಪಿನ ಕ್ರೌನ್ ಚಕ್ರಕ್ಕೆ 39 ಹಲ್ಲು, ಪಿನಿಯನ್‌ಗೆ 8, ಅನುಪಾತ 4.88. ನಾಗರಿಕ ಜೀಪಿನದು 43ಕ್ಕೆ 8, ಅಂದರೆ 5.38. ಬಿಚ್ಚದೆಯೂ ತಿಳಿಯಬಹುದು. ಮಾಲೀಕರ ಅನುಮತಿ ಪಡೆದು, ಮೆಕ್ಯಾನಿಕ್ ಜೊತೆಗಿರುವಾಗ ಮಾತ್ರ ಮಾಡಿ: ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎರಡು ಹಿಂದಿನ ಚಕ್ರಗಳನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿತೆ? ಸೇನೆಯದು. ಐದನ್ನು ದಾಟಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಹೋಯಿತೆ? ನಾಗರಿಕದ್ದು. (ಒಂದೇ ಚಕ್ರ ತಿರುಗಿಸಿ ಇನ್ನೊಂದನ್ನು ಹಿಡಿದರೆ ಶಾಫ್ಟ್ ಅರ್ಧದಷ್ಟೇ ಸುತ್ತುತ್ತದೆ. ಡಿಫರೆನ್ಷಿಯಲ್ ಏಕೆ ಹೀಗೆ ಮಾಡುತ್ತದೆಂದು ಯೋಚಿಸಿ.)

ಇಷ್ಟೊಂದು ಎಣಿಕೆ ಏಕೆಂದರೆ, ಮುಂದಿನ ಅಚ್ಚು 5.38 ಇದ್ದು, ಹಿಂದೆ ಯಾರೋ ಗುಜರಿಯಿಂದ ತಂದ 4.88ನ್ನು ಹಾಕಿದ್ದರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟೊಡನೆ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಶೇಕಡಾ 10ರಷ್ಟು ವೇಗವಾಗಿ ತಿರುಗಲು ಹವಣಿಸುತ್ತವೆ. ಕೆಸರಿನಲ್ಲಿ ಟೈರು ಜಾರಿ ಪಾರಾಗುತ್ತದೆ. ಡಾಂಬರು ರಸ್ತೆಯಲ್ಲಿ ಆ ಒತ್ತಡ ಗೇರುಗಳ ಮೇಲೆ ಬಿದ್ದು ಹಲ್ಲು ಮುರಿಯುತ್ತದೆ.

ಭಾರವಾಹನಗಳು ಫುಲ್ ಫ್ಲೋಟಿಂಗ್ ಪದ್ಧತಿಯನ್ನು ಬಿಟ್ಟುಕೊಡಲಿಲ್ಲ. ಕಲ್ಯಾಣಿ ಸಮೂಹ ಅಮೆರಿಕದ ರಾಕ್‌ವೆಲ್ ಕಂಪನಿಯೊಡನೆ ಸೇರಿ 1981ರಲ್ಲಿ ಸ್ಥಾಪಿಸಿದ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಮೈಸೂರಿನ ಹೂಟಗಳ್ಳಿಯಲ್ಲೇ ಇದೆ. ಲಾರಿ, ಬಸ್ಸುಗಳಿಗೆ ಹಿಂದಿನ ಅಚ್ಚು ಅಲ್ಲಿ ತಯಾರಾಗುತ್ತದೆ. ನಾಳೆ ರಸ್ತೆಬದಿಯಲ್ಲಿ ಲಾರಿಯೊಂದು ನಿಂತಿದ್ದರೆ ಅದರ ಹಿಂದಿನ ಚಕ್ರದ ನಡುವೆ ಬೋಲ್ಟುಗಳ ಬಳೆ ಇದೆಯೇ, ನೋಡಿ.