ಬಣ್ಣ ಬೆರೆಸದ ಧ್ವನಿ

ನಾನು ಈಗ ಆಡುತ್ತಿರುವ ಮಾತು ನಿಮ್ಮನ್ನು ತಲುಪುವುದು ಒಂದು ಸಣ್ಣ ಶಂಕುವಿನ ಕಂಪನದಿಂದ. ನಿಮ್ಮ ರೇಡಿಯೋ ಪೆಟ್ಟಿಗೆಯೊಳಗಿನ ಆ ಶಂಕು ಹಿಂದಕ್ಕೂ ಮುಂದಕ್ಕೂ ಅಲುಗಿ ಗಾಳಿಯನ್ನು ತಳ್ಳದಿದ್ದರೆ ನಾನು ಇಲ್ಲಿ ಎಷ್ಟು ಕೂಗಿಕೊಂಡರೂ ನಿಮಗೆ ಕೇಳಿಸದು. ಇಷ್ಟು ಉಪಕಾರಿಯಾದ ಈ ಸಾಧನದ ಚರಿತ್ರೆಯನ್ನು ನಾನು ಕೆದಕಲು ಕಾರಣಳಾದವಳು ನನ್ನ ಮೊಮ್ಮಗಳು.

ಅವಳು ಗಿಟಾರ್ ನುಡಿಸುತ್ತಾಳೆ. ಅವಳ ಗೆಳತಿ ಸಿಂಥಸೈಜರ್ ನುಡಿಸುತ್ತಾಳೆ. ಇಬ್ಬರೂ ಸೇರಿ ಕಾಲೇಜಿನ ಸಮಾರಂಭವೊಂದರಲ್ಲಿ ನುಡಿಸಬೇಕೆಂದಿದ್ದರು. ಮೊಮ್ಮಗಳು ‘ಮಾಡೆಲರ್’ ಎಂಬ ಪುಟ್ಟ ಯಂತ್ರವೊಂದನ್ನು ಕೊಂಡಿದ್ದಳು. ಹಿಂದಿನ ಕಾಲದ ಹೆಸರಾಂತ ಆಂಪ್ಲಿಫೈಯರುಗಳ ನಾದವನ್ನು ಗಣಿತದ ಬಲದಿಂದ ಅನುಕರಿಸುವ ಯಂತ್ರ ಅದು. ಹೆಡ್‌ಫೋನಿನಲ್ಲಿ ಅದರ ನಾದ ಸೊಗಸಾಗಿಯೇ ಇತ್ತು. ತನ್ನ ಹಳೆಯ ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸಿದಾಗ ಮಾತ್ರ ಕಂಬಳಿ ಹೊದಿಸಿದಂತೆ ಮಂಕಾಯಿತು. ಗೆಳತಿಯ ಸಿಂಥಸೈಜರಂತೂ ಅದರಲ್ಲಿ ನೆಗಡಿ ಹಿಡಿದವರ ಹಾಡಿನಂತೆ ಕೇಳಿಸಿತು. ಇಬ್ಬರೂ ಕೂಡಿಟ್ಟ ಹಣದಲ್ಲಿ ಕೊಳ್ಳಬಹುದಾದದ್ದು ಒಂದೇ ಒಂದು ಸ್ಪೀಕರ್. “ತಾತ, ಹಳೆಯದೂ ಕೆಟ್ಟಿಲ್ಲ, ಹೊಸದೂ ಕೆಟ್ಟಿಲ್ಲ. ಎರಡೂ ಸೇರಿದರೆ ಯಾಕೆ ಹೀಗೆ?” ಎಂದು ಅವಳು ಕೇಳಿದಳು. ಉತ್ತರ ಹುಡುಕುತ್ತ ನಾನು ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಬ್ರಿಟನ್ನಿನ ಭೌತವಿಜ್ಞಾನಿ ಆಲಿವರ್ ಲಾಡ್ಜ್ 1898ರಲ್ಲಿ, ಅಯಸ್ಕಾಂತದ ನಡುವೆ ಚಲಿಸುವ ತಂತಿಸುರುಳಿಯಿಂದ ಧ್ವನಿ ಹೊರಡಿಸುವ ತತ್ತ್ವಕ್ಕೆ ಪೇಟೆಂಟ್ ಪಡೆದ. ಆದರೆ ವಿದ್ಯುತ್ತಿನ ಕ್ಷೀಣ ಸಂಕೇತವನ್ನು ಬಲಪಡಿಸುವ ವಾಲ್ವುಗಳು ಆಗಿನ್ನೂ ಬಂದಿರಲಿಲ್ಲವಾದ್ದರಿಂದ ಆ ತತ್ತ್ವ ಕಾಗದದಲ್ಲೇ ಉಳಿಯಿತು. 1915ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ, ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್‌ಹ್ಯಾಮ್ ಎಂಬ ಇಬ್ಬರು ಸ್ಯಾನ್ ಫ್ರಾನ್ಸಿಸ್ಕೋ ನಗರಭವನದ ಮುಂದೆ ನೆರೆದ ಭಾರಿ ಜನಸಂದಣಿಗೆ ತಮ್ಮ ಕಹಳೆಯಾಕಾರದ ಧ್ವನಿವರ್ಧಕದ ಮೂಲಕ ಸಂಗೀತವನ್ನೂ ಭಾಷಣವನ್ನೂ ಕೇಳಿಸಿದರು. ಕಹಳೆಗೆ ಗಟ್ಟಿಯಾಗಿ ಕೂಗುವ ಶಕ್ತಿಯಿತ್ತೇ ಹೊರತು ಎಲ್ಲ ಸ್ವರಗಳನ್ನೂ ಸಮನಾಗಿ ಕಾಣುವ ಗುಣವಿರಲಿಲ್ಲ.

ಆ ಗುಣವನ್ನು ತಂದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಪ್ರತಿಯೊಂದು ವಸ್ತುವಿಗೂ ತಾನಾಗಿ ಮಿಡಿಯುವ ಒಂದು ಸ್ವಂತ ಸ್ವರವಿರುತ್ತದಷ್ಟೆ? ಕಾಗದದ ಶಂಕುವಿನ ಆ ಸ್ವಂತ ಸ್ವರವನ್ನು, ಕೇಳಿಸಬೇಕಾದ ಸ್ವರಶ್ರೇಣಿಯ ಕೆಳ ಅಂಚಿಗೆ ಇಳಿಸಿಬಿಟ್ಟರೆ, ಅದರ ಮೇಲಿನ ಸ್ವರಗಳೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಡುತ್ತವೆಂದು ಅವರು 1925ರಲ್ಲಿ ತೋರಿಸಿಕೊಟ್ಟರು. ಮರುವರ್ಷ ಇದೇ ವಿನ್ಯಾಸ ‘ರೇಡಿಯೋಲಾ 104’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸ್ವಾರಸ್ಯದ ಸಂಗತಿಯೆಂದರೆ, ಆ ಪೆಟ್ಟಿಗೆಯೊಳಗೆ ಆಂಪ್ಲಿಫೈಯರೂ ಅಡಕವಾಗಿತ್ತು. ಇಂದು ಅಂಗಡಿಗಳಲ್ಲಿ ಹೊಸತೆಂಬಂತೆ ಮೆರೆಯುವ ‘ಪವರ್ಡ್ ಸ್ಪೀಕರ್’ ಹೀಗೆ ಧ್ವನಿವರ್ಧಕದ ಬಾಲ್ಯದಲ್ಲೇ ಇತ್ತು.

ಗಿಟಾರಿನ ಕಥೆ ಬೇರೆ ದಾರಿ ಹಿಡಿಯಿತು. ವಾದ್ಯವೃಂದಗಳ ಗದ್ದಲದಲ್ಲಿ ಅದರ ಮೆಲುದನಿ ಮುಳುಗಿಹೋಗುತ್ತಿತ್ತು. 1930ರ ದಶಕದ ಆರಂಭದಲ್ಲಿ ಜಾರ್ಜ್ ಬೋಷಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಉಕ್ಕಿನ ತಂತಿಗಳ ಕಂಪನವನ್ನು ಅಯಸ್ಕಾಂತದಿಂದ ಗ್ರಹಿಸುವ ಗಿಟಾರನ್ನು ಹೊರತಂದರು. ಎರಡನೆಯ ಮಹಾಯುದ್ಧದ ತರುವಾಯ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್, 1960ರ ದಶಕದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್, ಈ ಗಿಟಾರಿಗೆ ತಕ್ಕ ಆಂಪ್ಲಿಫೈಯರುಗಳನ್ನು ಕಟ್ಟಿದರು. ಅವುಗಳಲ್ಲಿದ್ದ ಹತ್ತು ಹನ್ನೆರಡು ಅಂಗುಲದ ಕಾಗದದ ಶಂಕುಗಳು ಸುಮಾರು 5,000 ಹರ್ಟ್ಸ್ ದಾಟಿದೊಡನೆ ಕೈಚೆಲ್ಲುತ್ತಿದ್ದವು. ಮನುಷ್ಯನ ಕಿವಿಯ ಎಲ್ಲೆ 20,000 ಹರ್ಟ್ಸ್ ಎಂಬುದನ್ನು ನೆನೆದರೆ ಇದು ದೊಡ್ಡ ಕೊರತೆಯೇ ಸರಿ. ಆದರೆ ಆ ಕೊರತೆಯೇ ವರವಾಯಿತು. ಮಿತಿಮೀರಿ ದುಡಿಸಿದ ವಾಲ್ವುಗಳ ಕರ್ಕಶ ಗರಗರವನ್ನು ಶಂಕು ತಾನೇ ಸೋಸಿ, ಉಳಿದುದಕ್ಕೆ ಒಂದು ಬಿಸುಪನ್ನು ಕೊಟ್ಟಿತು.

1951ರಲ್ಲಿ ಮೆಂಫಿಸ್ ನಗರದಲ್ಲಿ ಧ್ವನಿಮುದ್ರಿತವಾದ ‘ರಾಕೆಟ್ 88’ ಎಂಬ ಹಾಡಿನ ವೃತ್ತಾಂತ ಪ್ರಸಿದ್ಧವಾದುದು. ಪ್ರಯಾಣದಲ್ಲಿ ಪೆಟ್ಟುಬಿದ್ದ ಆಂಪ್ಲಿಫೈಯರಿನ ಶಂಕುವಿಗೆ ಕಾಗದ ತುರುಕಿ ಕೆಲಸ ಸಾಗಿಸಿದರಂತೆ. ಆ ಒಡಕು ದನಿಯೇ ಜನಕ್ಕೆ ಹಿಡಿಸಿತು. 1964ರಲ್ಲಿ ಇಂಗ್ಲೆಂಡಿನ ‘ಕಿಂಕ್ಸ್’ ತಂಡದ ಡೇವ್ ಡೇವೀಸ್ ಅಂಥ ದನಿಗಾಗಿ ಶಂಕುವನ್ನು ಬ್ಲೇಡಿನಿಂದ ತಾನೇ ಸೀಳಿದ. ನಮ್ಮವರಿಗೆ ಇದು ತೀರ ಅಪರಿಚಿತವಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದು ಎಳೆ ನೂಲಿಟ್ಟು ಜೀವಾಳ ಕೂಡಿಸುವುದೂ ತಂತಿಯ ಶುದ್ಧ ಮಿಡಿತಕ್ಕೆ ಬೇಕೆಂದೇ ಒಡ್ಡುವ ತಡೆಯಲ್ಲವೆ? ಆ ತಡೆಯಿಂದಲೇ ಸ್ವಯಂಭೂಸ್ವರಗಳು ಝೇಂಕರಿಸುತ್ತವೆ. ಹಾಗೆ ಗಿಟಾರಿನ ಸ್ಪೀಕರು ಧ್ವನಿಯನ್ನು ಒಯ್ಯುವ ವಾಹನವಾಗಿ ಉಳಿಯದೆ ವಾದ್ಯದ ಅಂಗವೇ ಆಯಿತು.

ಸಿಂಥಸೈಜರಿಗೆ ಇಂಥ ಬಾಂಧವ್ಯ ಒದಗಲಿಲ್ಲ. ಅದಕ್ಕೆ ಮೊದಲು ಬಂದ ಹ್ಯಾಮಂಡ್ ಆರ್ಗನ್ನಿಗೆ ತಿರುಗುವ ಕಹಳೆಯ ಲೆಸ್ಲಿ ಸ್ಪೀಕರು ಜೊತೆಗಾರನಾಗಿ ಒದಗಿತ್ತು, ನಿಜ. ಆದರೆ ರಾಬರ್ಟ್ ಮೂಗ್ 1964ರಲ್ಲಿ ಪ್ರದರ್ಶಿಸಿದ ಯಂತ್ರವಾಗಲಿ, 1983ರಲ್ಲಿ ಯಮಾಹಾ ಸಂಸ್ಥೆ ಹೊರತಂದ ‘ಡಿಎಕ್ಸ್ 7’ ಆಗಲಿ, ನೆಲ ನಡುಗಿಸುವ ಮಂದ್ರದಿಂದ ಗಂಟೆಯ ಕಿಣಿಕಿಣಿಯವರೆಗೆ ಏನನ್ನಾದರೂ ನುಡಿಯಬಲ್ಲವು. ಅವಕ್ಕೆ ಬೇಕಾದುದು ತನ್ನದೆಂಬ ಬಣ್ಣ ಬೆರೆಸದ, ಸ್ವರಶ್ರೇಣಿಯ ಉದ್ದಕ್ಕೂ ಸಮನಾದ ಸ್ಪೀಕರು.

ಎರಡು ದಾರಿಗಳೂ ಕೂಡಿದ್ದು ಮಾಡೆಲರಿನಲ್ಲಿ. ರೋಲಂಡ್ ಸಂಸ್ಥೆಯ ‘ವಿಜಿ 8’ 1995ರಲ್ಲಿ, ‘ಲೈನ್ 6’ ಸಂಸ್ಥೆಯ ‘ಪಾಡ್’ 1998ರಲ್ಲಿ, ‘ಆಕ್ಸ್ ಎಫ್‌ಎಕ್ಸ್’ 2006ರಲ್ಲಿ, ಜರ್ಮನಿಯ ಕೆಂಪರ್ ಯಂತ್ರ 2011ರಲ್ಲಿ ಬಂದವು. ಇಂದಿನ ಮಾಡೆಲರು ಆಂಪ್ಲಿಫೈಯರನ್ನು ಮಾತ್ರವಲ್ಲ, ಆ ಹನ್ನೆರಡಂಗುಲದ ಶಂಕುವನ್ನೂ, ಅದು ಕುಳಿತ ಪೆಟ್ಟಿಗೆಯನ್ನೂ, ಮುಂದಿಟ್ಟ ಮೈಕನ್ನೂ ಅಂಕಿಗಳಾಗಿ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಮೊಮ್ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಮ್ಮೆ ಸೋಸಿದ ನಾದವನ್ನು ಅವಳು ಹಳೆಯ ಸ್ಪೀಕರಿನಲ್ಲಿ ಮತ್ತೊಮ್ಮೆ ಸೋಸುತ್ತಿದ್ದಳು. ಮಾಡೆಲರಿನೊಳಗಿನ ಪೆಟ್ಟಿಗೆಯನ್ನು ನಿಲ್ಲಿಸಿಬಿಟ್ಟರೆ ಹಳೆಯದರಿಂದಲೇ ಗಿಟಾರಿನ ಕೆಲಸ ಸಾಗುತ್ತದೆ. ಗೆಳತಿಯ ಸಿಂಥಸೈಜರಿಗೆ ಮಾತ್ರ ಅದರಿಂದ ಪ್ರಯೋಜನವಿಲ್ಲ. ಇಬ್ಬರಿಗೂ ಒಂದೇ ಸ್ಪೀಕರ್ ಎಂದಾದರೆ ಅದು ‘ಫುಲ್ ರೇಂಜ್’ ಜಾತಿಯದೇ ಆಗಬೇಕು.

ಆರಿಸುವಾಗ ನಾವು ಗಮನಿಸಿದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಮೊದಲನೆಯದು, ವಾಟ್ ಎಂಬ ಅಂಕಿಗೆ ಮರುಳಾಗಬಾರದು. ವಾಟ್ ಇಮ್ಮಡಿಯಾದರೆ ಧ್ವನಿ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ಅದಕ್ಕಿಂತ, ಸ್ಪೀಕರು ಅತ್ಯಧಿಕ ಎಷ್ಟು ಡೆಸಿಬೆಲ್ ಕೊಡುತ್ತದೆಂದು ಕೇಳುವುದು ಮೇಲು. ಎರಡನೆಯದು, ಸ್ವರಶ್ರೇಣಿಯ ಅಂಕಿಯ ಪಕ್ಕದಲ್ಲಿ ಎಷ್ಟು ಡೆಸಿಬೆಲ್ಲಿನ ಏರಿಳಿತವೆಂದು ಬರೆದಿದೆಯೋ ನೋಡಬೇಕು. ಮೂರು ಡೆಸಿಬೆಲ್ಲಿನೊಳಗಿನ 60 ಹರ್ಟ್ಸ್ ಒಂದು. ಹತ್ತು ಡೆಸಿಬೆಲ್ ಕುಸಿದ ಮೇಲಿನ 60 ಹರ್ಟ್ಸ್ ಇನ್ನೊಂದು. ಗಿಟಾರಿನ ಅತಿ ಕೆಳಗಿನ ತಂತಿ 82 ಹರ್ಟ್ಸಿನಲ್ಲಿ ಮಿಡಿಯುತ್ತದೆ. ಸಿಂಥಸೈಜರು 40ಕ್ಕೂ ಕೆಳಗಿಳಿಯುತ್ತದೆ. ಪುಟ್ಟ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ಶಕ್ತಿಯಲ್ಲಿ ದೊಡ್ಡ ದನಿ ಈ ಮೂರನ್ನೂ ಒಂದೇ ಸ್ಪೀಕರಿನಲ್ಲಿ ಪಡೆಯಲು ಪ್ರಕೃತಿನಿಯಮ ಬಿಡದು. ಒಂದನ್ನು ಬಿಟ್ಟುಕೊಡಲೇಬೇಕು.

ಮೂರನೆಯದು ಕಿವಿಯ ವಿಚಾರ. ಮೆಲ್ಲಗೆ ಕೇಳುವಾಗ ನಮ್ಮ ಕಿವಿಗೆ ಮಂದ್ರಸ್ವರಗಳು ಕುಗ್ಗಿ ಕೇಳಿಸುತ್ತವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಆದ್ದರಿಂದ ಮನೆಯಲ್ಲಿ ಸಣ್ಣದನಿಯಲ್ಲಿ ಹದಮಾಡಿದ ನಾದ ವೇದಿಕೆಯ ಮೇಲೆ ಗುಂಯ್‌ಗುಡುತ್ತದೆ, ತಪ್ಪು ಸ್ಪೀಕರಿನದಲ್ಲ. ಕೊನೆಯದು ಮನಸ್ಸಿನ ವಿಚಾರ. ಮಾಡೆಲರು ಕೊಡುವುದು ಕೋಣೆಯಲ್ಲಿ ನಿಂತ ಆಂಪ್ಲಿಫೈಯರಿನ ನಾದವನ್ನಲ್ಲ, ಮೈಕಿನ ಮೂಲಕ ಮುದ್ರಿಕೆಗೆ ಸಿಕ್ಕಿದ ನಾದವನ್ನು. ಬೆನ್ನಹಿಂದೆ ಆಂಪ್ಲಿಫೈಯರಿಟ್ಟು ನುಡಿಸಿ ಅಭ್ಯಾಸವಾದವರಿಗೆ ಇದು ಮೊದಮೊದಲು ನಿರಾಸೆಯನ್ನೇ ತರುತ್ತದೆ.

ಹುಡುಗಿಯರಿಬ್ಬರೂ ತಮ್ಮ ಯಂತ್ರಗಳನ್ನು ಹೊತ್ತುಕೊಂಡೇ ಅಂಗಡಿಗೆ ಬಂದರು. ಮೂರು ಸ್ಪೀಕರುಗಳನ್ನು ಒಂದೇ ದನಿಯಳತೆಯಲ್ಲಿಟ್ಟು, ಎದುರಿಗೂ ಪಕ್ಕಕ್ಕೂ ನಿಂತು ಕೇಳಿದೆವು. ಎದುರಿಗೆ ಥಳಥಳಿಸಿದ ಒಂದು, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಮಸುಕಾಯಿತು. ಕೊನೆಗೆ ಹನ್ನೆರಡಂಗುಲದ, ನೋಡಲು ಸಾಮಾನ್ಯವಾದ ಒಂದನ್ನು ತಂದೆವು. ಪೆಟ್ಟಿಗೆ ದೊಡ್ಡದಾಯಿತೆಂದು ಗೆಳತಿ ಗೊಣಗಿದಳು, ಬಿಟ್ಟುಕೊಟ್ಟದ್ದು ಅದನ್ನೇ.

ಮನೆಗೆ ಬಂದ ಸಂಜೆ ಮೊದಲು ಜೋಡಿಸಿದ್ದು ನನ್ನ ಎಲೆಕ್ಟ್ರಾನಿಕ್ ತಂಬೂರಿಯನ್ನು. ಅದರ ಅಂಗೈಯಗಲದ ಸ್ಪೀಕರಿನಲ್ಲಿ ಮಂದ್ರಷಡ್ಜದ ಮೂಲಸ್ವರ ಹೊರಡುವುದೇ ಇಲ್ಲವೆನ್ನುವಷ್ಟು ಕಡಿಮೆ. ಸ್ವಯಂಭೂಸ್ವರಗಳನ್ನು ಹಿಡಿದು ಮನಸ್ಸೇ ಅದನ್ನು ತುಂಬಿಕೊಳ್ಳುತ್ತದೆ. ಇಷ್ಟು ವರ್ಷ ನಾನು ಊಹಿಸಿಕೊಂಡು ಕೇಳುತ್ತಿದ್ದ ಷಡ್ಜ ಅಂದು ಎದೆಗೆ ತಾಕಿತು.

ಆಮೇಲೆ ಮೊಮ್ಮಗಳು ಗಿಟಾರ್ ಜೋಡಿಸಿದಳು. ತಂತಿಯ ಮೇಲೆ ಬೆರಳು ಜಾರಿದ್ದು, ಒಂದು ಸ್ವರ ಅರ್ಧಕ್ಕೇ ಸತ್ತದ್ದು, ಎಲ್ಲವೂ ಕೇಳಿಸಿತು. “ತಾತ, ಇದು ನನ್ನ ತಪ್ಪುಗಳನ್ನೆಲ್ಲ ಹೇಳಿಬಿಡುತ್ತೆ” ಎಂದಳು. ಹಳೆಯದನ್ನೇ ಇಟ್ಟುಕೊಳ್ಳಬಹುದಿತ್ತೇನೋ ಎಂದು ನಾನು ಕೇಳುವಷ್ಟರಲ್ಲಿ ಅವಳು ದನಿ ತಗ್ಗಿಸಿ, ಆ ಸ್ವರ ಸತ್ತ ಜಾಗವನ್ನು ಮತ್ತೆ ಮೊದಲಿನಿಂದ ನುಡಿಸತೊಡಗಿದ್ದಳು.