ಕನ್ನಡಿಯಂಥ ನೀರು, ಹಸಿದ ಹವಳ

ಮನೆಯಲ್ಲಿ ಕಡಲು ಸಾಕೋರ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ನೀಲಿ ಲೈಟು, ತೂಗಾಡೋ ಹವಳ, ಕನ್ನಡಿಯಂಥ ತಿಳಿನೀರು. ನೋಡಿದಾಗೆಲ್ಲ ನನ್ನನ್ನು ಕಾಡೋ ಪ್ರಶ್ನೆ ಒಂದೇ: ಅಷ್ಟು ಶುಭ್ರವಾದ ನೀರಲ್ಲಿ ಈ ಜೀವಿಗಳು ತಿನ್ನೋದೇನು?

ಹವಳ ಗಿಡ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ಅದರ ಮೈಯೊಳಗಿನ ಪಾಚಿ ಹಗಲಲ್ಲಿ ಸಕ್ಕರೆ ಮಾಡಿ ಕೊಡುತ್ತೆ, ನಿಜ. ಬರೀ ಸಕ್ಕರೆಯಲ್ಲಿ ಮೈ ಬೆಳೆಯಲ್ಲ. ಸಾರಜನಕ ಬೇಕು, ರಂಜಕ ಬೇಕು. ಅದಕ್ಕೇ ಬಹಳಷ್ಟು ಹವಳಗಳು ರಾತ್ರಿ ತಮ್ಮ ಪುಟ್ಟ ತೋಳುಗಳನ್ನು ಚಾಚಿ, ತೇಲಿಬರೋ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತವೆ. ಈ ತೇಲುಜೀವಿಗಳಿಗೆ ಪ್ಲಾಂಕ್ಟನ್ ಅಂತ ಹೆಸರಿಟ್ಟವರು ಜರ್ಮನಿಯ ವಿಕ್ಟರ್ ಹೆನ್ಸನ್, 1887ರಲ್ಲಿ. ಗ್ರೀಕ್ ಮೂಲದ ಪದ, ಅಲೆಮಾರಿ ಅನ್ನೋ ಅರ್ಥ. ನಮ್ಮ ಪಠ್ಯಪುಸ್ತಕದ ‘ಪ್ಲವಕ’ ಇದೇ.

ಕತೆ ಆ ಹೆಸರಿಗಿಂತ ಹಳೇದು. 1846ರಲ್ಲಿ ಆ್ಯನಾ ಥಿನ್ ಅನ್ನೋ ಮಹಿಳೆ ಟಾರ್ಕ್ವೇ ಕಡಲತೀರದಿಂದ ಕೆಲವು ಹವಳಗಳನ್ನು ಲಂಡನ್ನಿಗೆ ತಂದರು. ದಾರಿಯಲ್ಲಿ ಉರುಳಾಡಬಾರದು ಅಂತ ಸೂಜಿದಾರದಲ್ಲಿ ಸ್ಪಂಜಿಗೆ ಹೊಲಿದುಕೊಂಡು! ಕಡಲನೀರು ತರಿಸಿಕೊಳ್ಳೋರು. ಆ ನೀರಿಗೆ ಗಾಳಿ ಸೇರಿಸೋದು ಮನೆಕೆಲಸದಾಕೆಯ ಪಾಲಿಗೆ ಬಂತು. ತೆರೆದ ಕಿಟಕಿ ಎದುರು ನಿಂತು ಅರ್ಧ-ಮುಕ್ಕಾಲು ಗಂಟೆ ಪಾತ್ರೆಯಿಂದ ಪಾತ್ರೆಗೆ ಸುರಿಯೋದು, ನಾವು ಕಾಫಿ ಎತ್ತಿ ಸುರೀತೀವಲ್ಲ, ಹಾಗೆ. ಇಡೀ ಇತಿಹಾಸದಲ್ಲಿ ನನಗೆ ಇಷ್ಟದ ಪಾತ್ರ ಆಕೆಯೇ. ಆ ಹವಳಗಳು ವರ್ಷಗಟ್ಟಲೆ ಬದುಕಿದವು. ಕಡಲನೀರಿನ ಜೊತೆ ಯಾರಿಗೂ ಕಾಣದ ಊಟವೂ ಬರ್ತಿತ್ತು ಅನ್ನೋದು ನನ್ನ ಲೆಕ್ಕ.

ಈಗ ನೂರು ವರ್ಷ ದಾಟಿ ಜಕಾರ್ತಾಕ್ಕೆ ಬನ್ನಿ. ಅಲ್ಲಿನ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಒಂದು ಮೀನುಸಾಕಣೆ ಪತ್ರಿಕೆಗೆ ಬರೆದ ಲೇಖನ ಹವ್ಯಾಸಿಗಳನ್ನು ಬೆರಗುಗೊಳಿಸಿತು. ಅವರ ತೊಟ್ಟಿಗಳಲ್ಲಿ ಫಿಲ್ಟರೇ ಇರಲಿಲ್ಲ. ಕಡಲನೀರು, ಜೀವ ತುಂಬಿದ ಹವಳಗಲ್ಲು, ಬಿಸಿಲು, ಒಂದಷ್ಟು ಗಾಳಿಗುಳ್ಳೆ, ಅಷ್ಟೇ. ಕಲ್ಲಿನ ಸಂದಿಗಳಲ್ಲಿರೋ ಸೂಕ್ಷ್ಮಜೀವಿಗಳೇ ಕಸ ತಿಂದು, ಮರಿ ಹಾಕಿ, ಆ ಮರಿಗಳೇ ಇನ್ನೊಬ್ಬರ ಊಟವಾಗುತ್ತವೆ. (ಕೇಳಿ ಯಾರೂ ನೇತ್ರಾಣಿ ಕಡೆ ಹೊರಡಬೇಡಿ. 2001ರಿಂದ ನಮ್ಮಲ್ಲಿ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. ಹುಲಿಗಿರೋ ರಕ್ಷಣೆಯೇ ಅದಕ್ಕೂ.)

ಆದರೆ ಕಡಲಿಂದ ದೂರ ಇರೋರು ಏನು ಮಾಡಬೇಕು? ಅವರಿಗೆ ಉಪ್ಪಿನ ಪುಡಿ ಬಂತು, ಜೊತೆಗೆ ಯಂತ್ರಗಳು ಬಂದವು. ಪ್ರೋಟೀನ್ ಸ್ಕಿಮ್ಮರ್ ನೊರೆ ಎಬ್ಬಿಸಿ ಕಲ್ಮಷ ಎತ್ತಿಹಾಕುತ್ತೆ. ಒಳ್ಳೇದೇ. ಜೊತೆಗೆ ತೇಲೋ ಜೀವಿಗಳಲ್ಲೂ ಒಂದಷ್ಟನ್ನು ಎತ್ತಿಹಾಕುತ್ತೆ. ಯುವಿ ದೀಪ ಉಳಿದವುಗಳಲ್ಲಿ ಹಲವನ್ನು ಮುಗಿಸುತ್ತೆ. ನೀರು ಹೊಳೀತಾ ಹೋಯ್ತು, ಊಟ ಕಮ್ಮಿ ಆಗ್ತಾ ಹೋಯ್ತು. ಇದರ ಬೆಲೆ ತೆತ್ತಿದ್ದರಲ್ಲಿ ಮ್ಯಾಂಡರಿನ್ ಮೀನು ಒಂದು. ಬಣ್ಣ ನೋಡಿ ಜನ ಕೊಂಡು ತರ್ತಾರೆ. ಅದು ದಿನವಿಡೀ ಕಲ್ಲಿನ ಮೇಲೆ ಕೋಪೆಪಾಡ್ ಅನ್ನೋ ಸಾಸಿವೆಗಿಂತ ಚಿಕ್ಕ ಜೀವಿಗಳನ್ನು ಹೆಕ್ಕಿ ತಿನ್ನೋ ಮೀನು. ಬಹುತೇಕ ಮ್ಯಾಂಡರಿನ್‌ಗಳು ಒಣ ಆಹಾರ ಮುಟ್ಟಲ್ಲ. ಥಳಥಳ ಹೊಳೆಯೋ ತೊಟ್ಟಿಯಲ್ಲಿ ಹೊಟ್ಟೆ ಬೆನ್ನಿಗೆ ಹತ್ತಿ ಸಾಯುತ್ತೆ.

ಈ ಶುಭ್ರತೆಯ ಹುಚ್ಚನ್ನು ಪ್ರಶ್ನಿಸಿದವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ. 1980ರ ಸುಮಾರಿಗೆ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿ ಹವಳದ ದಿಬ್ಬವನ್ನೇ ಕಟ್ಟಿ, ನೀರು ಸೋಸೋ ಕೆಲಸವನ್ನು ಪಾಚಿಗೆ ಒಪ್ಪಿಸಿದರು. ಪಾಚಿ ಕಲ್ಮಷ ಹೀರುತ್ತೆ, ಪ್ಲವಕವನ್ನು ಬಿಟ್ಟುಬಿಡುತ್ತೆ. ಗಿರಗಿರ ತಿರುಗೋ ಪಂಪಿನ ಬಗ್ಗೆಯೂ ಅವರಿಗೆ ತಕರಾರಿತ್ತು, ಸಣ್ಣ ಜೀವಿಗಳು ಅದಕ್ಕೆ ಸಿಕ್ಕು ಸಾಯ್ತವೆ ಅಂತ. ಇವತ್ತು ಹವ್ಯಾಸಿಗಳು ದೊಡ್ಡ ತೊಟ್ಟಿಯ ಪಕ್ಕ ‘ರೆಫ್ಯೂಜಿಯಂ’ ಅಂತ ಒಂದು ಚಿಕ್ಕ ತೊಟ್ಟಿ ಇಡ್ತಾರಲ್ಲ, ಅದರ ಹಿಂದೆ ಇದೇ ಯೋಚನೆ. ಅಲ್ಲಿ ಮೀನಿಗೆ ಪ್ರವೇಶ ಇಲ್ಲ. ಪಾಚಿ ಗೊಂಚಲಲ್ಲಿ ಕೋಪೆಪಾಡ್‌ಗಳು ನೆಮ್ಮದಿಯಾಗಿ ಸಂಸಾರ ಮಾಡುತ್ತವೆ.

ಅವುಗಳಿಗೂ ಊಟ ಬೇಕಲ್ಲ? ಅದಕ್ಕೇ ಹಸಿರು ನೀರು. ನನ್ನ ಮನೆಯಲ್ಲಿ ಹವಳ ಇಲ್ಲ, ಆ ಹಸಿರು ಬಾಟಲಿ ಮಾತ್ರ ಇದೆ. ಉಪ್ಪುನೀರು, ನ್ಯಾನೋಕ್ಲೋರೋಪ್ಸಿಸ್ ಅನ್ನೋ ಪಾಚಿಯ ಹೆಪ್ಪು, ಲೈಟು, ಗಾಳಿಗುಳ್ಳೆ, ಜೊತೆಗೆ ನಾಲ್ಕು ಹನಿ ಗೊಬ್ಬರ. ಆ ಗೊಬ್ಬರದ ಸೂತ್ರದ ಮೂಲ ಗಿಲಾರ್ಡ್ ಮತ್ತು ರೈಥರ್ ಅನ್ನೋ ವಿಜ್ಞಾನಿಗಳ 1962ರ ಪ್ರಬಂಧ. ‘ಎಫ್ ಬೈ ಟು’ ಅಂತ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತೆ. ವಾರಕ್ಕೊಮ್ಮೆ ಅರ್ಧ ತೆಗೆದು ಹೊಸ ನೀರು ಹಾಕ್ತೀನಿ, ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ಕೋಪೆಪಾಡ್ ಬಾಟಲಿಗೆ ಹಾಕಿದ ಚಮಚ ಇದಕ್ಕೆ ತಾಗಿಸಬಾರದು. ಒಂದೆರಡು ಹೊಕ್ಕರೂ ಸಾಕು, ಹಸಿರನ್ನೆಲ್ಲ ಮೇಯ್ದು ನೀರನ್ನು ಮತ್ತೆ ತಿಳಿ ಮಾಡಿಬಿಡುತ್ತವೆ.