ಹಾರ್ಡ್‌ವೇರ್ ಸ್ಥಿತಿ ಸಂಕೇತಗಳು (ಡ್ರೈವರ್ ರಚನೆಯಲ್ಲಿ)

ವಹಿಸಿದ ಕೆಲಸ ಮುಗಿಯಿತೇ, ಇನ್ನೂ ನಡೆಯುತ್ತಿದೆಯೇ, ಕೆಟ್ಟಿತೇ ಎಂಬುದನ್ನು ಸಾಧನವೊಂದು ಕಾರ್ಯಾಚರಣಾ ವ್ಯವಸ್ಥೆಗೆ ತಿಳಿಸುವ ಬಿಟ್‌ಗಳು. ಇವು ಸಾಮಾನ್ಯವಾಗಿ ಸಾಧನದ ಸ್ಟೇಟಸ್ ರಿಜಿಸ್ಟರಿನಲ್ಲಿರುತ್ತವೆ. ಇವನ್ನು ಓದಿ, ಬಿಡಿಸಿ, ವ್ಯವಸ್ಥೆಗೆ ಪರಿಚಿತವಾದ ದೋಷಸಂಖ್ಯೆಯಾಗಿ ಬದಲಿಸಿ ಮೇಲಕ್ಕೆ ಕಳಿಸುವುದು ಡ್ರೈವರ್‌ನ ಹೊಣೆ.

ಕರ್ನಾಟಕದ ಮಟ್ಟಿಗೆ ಒಳ್ಳೆಯ ಉದಾಹರಣೆ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ರೂಪಿಸಿದ ಈ ಕೈಗಣಕದಲ್ಲಿದ್ದುದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಚಿಪ್, ಅದರ ಮೇಲೆ ಲಿನಕ್ಸ್. ಆ ಚಿಪ್‌ನ ಸೀರಿಯಲ್ ಪೋರ್ಟಿಗೆ ಬಂದ ಪ್ರತಿ ಬೈಟಿನ ಜೊತೆಗೂ ಪ್ಯಾರಿಟಿ, ಫ್ರೇಮಿಂಗ್, ಓವರ್‌ರನ್ ಎಂಬ ಮೂರು ದೋಷಬಿಟ್‌ಗಳು ಸಾಲಿನಲ್ಲಿ ನಿಲ್ಲುತ್ತವೆ. ಸ್ಟೇಟಸ್ ರಿಜಿಸ್ಟರ್ ತೋರಿಸುವುದು ಮುಂದೆ ಓದಬೇಕಾದ ಬೈಟಿನ ಸ್ಥಿತಿಯನ್ನು. ಹಾಗಾಗಿ ಮೊದಲು ಸ್ಥಿತಿ, ಆಮೇಲೆ ದತ್ತಾಂಶ. ಅದಲುಬದಲಾದರೆ ಒಂದು ಬೈಟಿನ ತಪ್ಪು ಇನ್ನೊಂದರ ತಲೆಗೆ ಬೀಳುತ್ತದೆ.

ಈ ಚಿಪ್‌ನ ಸೀರಿಯಲ್ ಪೋರ್ಟಿಗೆ ಲಿನಕ್ಸ್‌ನಲ್ಲಿರುವ ಎಸ್‌ಎ1100 ಡ್ರೈವರ್ ಈ ಕ್ರಮವನ್ನು ಪಾಲಿಸುತ್ತದೆ. ಸ್ಥಿತಿಯನ್ನು ಒಂದು ಚರದಲ್ಲಿಟ್ಟುಕೊಂಡು ಅದನ್ನೇ ಪರೀಕ್ಷಿಸುತ್ತದೆ, ದೋಷಗಳ ಲೆಕ್ಕವನ್ನು ಬೇರೆಬೇರೆಯಾಗಿ ಇಡುತ್ತದೆ, ಬೈಟಿಗೆ ಟಿಟಿವೈ ಪದರಕ್ಕೆ ಅರ್ಥವಾಗುವ ಗುರುತು ಹಚ್ಚುತ್ತದೆ. ಚಿಪ್‌ನ ಬಿಟ್ ಸಂಖ್ಯೆ ಅಲ್ಲಿಂದ ಮೇಲಕ್ಕೆ ಹೋಗುವುದಿಲ್ಲ. ಓವರ್‌ರನ್ ಆದಾಗ ಕಳೆದುಹೋಗಿರುವುದು ಬೇರೆ ಬೈಟು, ಕೈಯಲ್ಲಿರುವುದು ಸರಿಯಾಗಿಯೇ ಇರುತ್ತದೆ. ಆದ್ದರಿಂದ ಕರ್ನಲ್ ಓವರ್‌ರನ್‌ಗೆಂದೇ ಪ್ರತ್ಯೇಕ ಗುರುತನ್ನು ಸೇರಿಸುತ್ತದೆ. ಬ್ರೇಕ್ ಬಿಟ್‌ಗಳದು ಇನ್ನೊಂದು ರೀತಿ: 1 ಬರೆದರೆ ಅವು ಅಳಿಯುತ್ತವೆ. ಇದು ತಿಳಿಯದೆ ರಿಜಿಸ್ಟರನ್ನು ಓದಿ, ತಿದ್ದಿ, ಮತ್ತೆ ಬರೆಯುವವರು ಇನ್ನೂ ನೋಡದ ಸೂಚನೆಯನ್ನೂ ಒರೆಸಿಹಾಕುತ್ತಾರೆ.

ದೋಷಸಂಖ್ಯೆ ಕೊಡುವಾಗ ಆಗುವ ಸಾಮಾನ್ಯ ತಪ್ಪೆಂದರೆ ಎಲ್ಲ ವೈಫಲ್ಯಕ್ಕೂ ಲಿನಕ್ಸ್‌ನ ಇಐಒ (5), ಅಂದರೆ ಇನ್‌ಪುಟ್-ಔಟ್‌ಪುಟ್ ದೋಷ, ಎಂದುಬಿಡುವುದು. ಬರೆಯುವಾಗ ಸುಲಭ, ಹುಡುಕುವವನಿಗೆ ಕಷ್ಟ. ಸಾಧನ ಬಿಡುವಿಲ್ಲದಿದ್ದರೆ ಇಬ್ಯುಸಿ (16), ಉತ್ತರವೇ ಬರದಿದ್ದರೆ ಇಟೈಮ್ಡ್‌ಔಟ್ (110) ಇವೆ. ಮತ್ತೆ ಯತ್ನಿಸಬೇಕೋ ಬೇಡವೋ ಎಂಬ ತೀರ್ಮಾನ ಈ ವ್ಯತ್ಯಾಸವನ್ನೇ ನೆಚ್ಚಿದೆ. ಎನ್‌ವಿಎಂಇ ಡಿಸ್ಕುಗಳು ‘ಮತ್ತೆ ಯತ್ನಿಸಬೇಡ’ ಎಂಬುದಕ್ಕೇ ಒಂದು ಬಿಟ್ ಮೀಸಲಿಟ್ಟಿವೆ.

ಬಿಟ್ ಬದಲಾಗಲೆಂದು ಕಾಯುವ ಲೂಪಿಗೆ ಕಾಲಮಿತಿ ಇರಲೇಬೇಕು. ಪಿಸಿಐ ಸಾಧನ ಕಳಚಿಹೋದಾಗ ಅದರ ರಿಜಿಸ್ಟರಿನ ಎಲ್ಲ ಬಿಟ್‌ಗಳೂ ಸಾಮಾನ್ಯವಾಗಿ 1 ಎಂದೇ ಕಾಣುತ್ತವೆ. ‘ಸಿದ್ಧ’ ಬಿಟ್ ಒಂದನ್ನೇ ನೋಡುವ ಡ್ರೈವರ್ ಆಗ ಇಲ್ಲದ ಸಾಧನವನ್ನೂ ಸಿದ್ಧವೆಂದು ನಂಬುತ್ತದೆ. ‘ಕೆಲಸದಲ್ಲಿದೆ’ ಬಿಟ್ ಇಳಿಯಲೆಂದು ಕಾಯುವ ಡ್ರೈವರ್ ಕಾಯುತ್ತಲೇ ಇರುತ್ತದೆ.